ಉಣುಗಿನ ಸರ್ಟಿಫಿಕೇಟು

ದನದ ಡಾಕ್ಟರಾಗಿ ಕೆಲಸ ಮಾಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಹಗ್ಗ ಬಿಚ್ಚಿಕೊಂಡು ಬಾಗಿಲಿಗೆ ಬರುತ್ತವೆ. ಮನುಷ್ಯರ ಡಾಕ್ಟರ ಮುಂದೆ ರೋಗಿ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ನಮ್ಮ ರೋಗಿ ಬಾಯಿ ಬಿಡುವುದಿಲ್ಲ, ಅದರ ಪರವಾಗಿ ಇಡೀ ಊರು ಬಾಯಿ ಬಿಡುತ್ತದೆ. ಕೆ.ಆರ್. ನಗರದ ಗದ್ದೆಬಯಲಲ್ಲಿ ನಕ್ಕಿದ್ದೇನೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ನಕ್ಕಿದ್ದೇನೆ, ಗಾವಡಗೆರೆಯಲ್ಲಿ ಎಮ್ಮೆ ಒದ್ದು ತಿಪ್ಪೆಗೆ ಬಿದ್ದಾಗ ಬಿದ್ದಲ್ಲಿಂದಲೇ ನಕ್ಕಿದ್ದೇನೆ. ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅರವತ್ತರ ದಶಕದ ಕೊನೆಯಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಊರಿನಲ್ಲಿ. ಅದಕ್ಕೆಲ್ಲ ಕಾರಣ ಒಂದು ಉಣುಗು. ಆ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನನ್ನ ಮನೆಗೆ ಅವರೆಕಾಯಿ ಕಳಿಸುತ್ತಾರೆ, ಅದು ನಿಂತುಹೋಗುವುದು ನನಗೆ ಇಷ್ಟವಿಲ್ಲ.

ತಮಟೆ

ಮಳೆಗಾಲ ಮುಗಿಯುವ ಹೊತ್ತಿಗೆ ಆ ಸೀಮೆಯ ದನಗಳ ಮೈಮೇಲೆ ಉಣುಗು ತುಂಬಿಕೊಳ್ಳುತ್ತಿತ್ತು. ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡು ಕೂತಿರುತ್ತಿದ್ದವು. ಕುಡಿದು ಸುಮ್ಮನೆ ಹೋದರೆ ಬೇರೆ ಮಾತು, ಹೋಗುವಾಗ ಒಂದು ಜ್ವರವನ್ನೂ ಬಿಟ್ಟು ಹೋಗುತ್ತಿದ್ದವು. ಹಸು ಮೇವು ಬಿಡುತ್ತದೆ, ಒಸಡು ಬಿಳುಚಿಕೊಳ್ಳುತ್ತದೆ, ಹಾಲು ಬತ್ತುತ್ತದೆ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣಗಳ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆ ಯಾವ ಜಾತಿಯ ಜೀವಿ ಎಂದು ಆಗ ನಮ್ಮ ಪುಸ್ತಕಗಳಲ್ಲೇ ಜಗಳವಿತ್ತು, ಅದು ಬ್ಯಾಕ್ಟೀರಿಯಾ ಎಂದು ತೀರ್ಮಾನವಾದದ್ದು ಆಮೇಲೆ. ಊರಿನವರಿಗೆ ಆ ಜಗಳ ಬೇಕಿರಲಿಲ್ಲ. ಅವರು ಅದನ್ನು ಉಣುಗು ಜ್ವರ ಎಂದು ಕರೆದು ಮುಗಿಸಿದ್ದರು.

ಊರಿಗೂ ಕಾಡಿಗೂ ನಡುವೆ ಆನೆ ಬರದ ಹಾಗೆ ತೋಡಿದ ಒಂದು ಕಂದಕ. ಅದರ ಮೇಲೆ ಒಂದು ಮರದ ಸೇತುವೆ. ಸೇತುವೆಯ ಆಚೆ ರೇಂಜರ್ ಸಾಹೇಬರ ಮನೆ, ಅದರ ಹಿಂದೆ ಕಾಡು. ಊರಿನ ದನಗಳು ಬೆಳಿಗ್ಗೆ ಸೇತುವೆ ದಾಟಿ ಹೋಗಿ ಕಾಡಿನ ಅಂಚಿನಲ್ಲಿ ಮೇದು ಸಂಜೆ ಬರುವುದು ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆ ವರ್ಷ ಕಾಡಿನ ಕೆರೆಯ ಹತ್ತಿರ ಚುಕ್ಕೆ ಜಿಂಕೆಗಳು ಒಂದೆರಡು ಸತ್ತು ಬಿದ್ದವು. ರೇಂಜರ್ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಜಿಂಕೆ ಎಂದರೆ ಅವರಿಗೆ ಪ್ರಾಣ. ಊರಿನ ದನಗಳ ಉಣುಗು ಜ್ವರವೇ ಜಿಂಕೆಗೆ ಹತ್ತಿದೆ ಎಂದು ಅವರು ಒಂದೇ ಏಟಿಗೆ ತೀರ್ಮಾನಿಸಿಬಿಟ್ಟರು. ನನ್ನನ್ನು ಕೇಳಿದರು. ಇರಬಹುದು, ಜಿಂಕೆಯಿಂದ ದನಕ್ಕೂ ಬಂದಿರಬಹುದು, ನೋಡದೆ ಹೇಳಲಾಗದು ಎಂದೆ. ಅವರು ನನ್ನ ಮಾತಿನ ಮೊದಲನೆಯ ತುಂಡನ್ನು ಮಾತ್ರ ಮನೆಗೆ ಒಯ್ದರು.

ಮಾರನೆಯ ದಿನ ಊರಿನಲ್ಲಿ ತಮಟೆ ಹೊಡೆಸಿ ಆಜ್ಞೆ ಸಾರಿಸಿದರು. ತಮಟೆ ಬಾರಿಸುವವನೇ ಊರಿನ ದೊಡ್ಡಿಯನ್ನೂ ಕಾಯುತ್ತಿದ್ದ. ಬೀಡಾಡಿ ದನಗಳನ್ನು ಕೂಡುವ ದೊಡ್ಡಿ ಅದು. ಅವನು ಗಂಟಲು ಹರಿಯುವ ಹಾಗೆ ಕೂಗಿದ: "ಕೇಳ್ರಪ್ಪೋ ಕೇಳ್ರಿ! ಮೈಮ್ಯಾಲೆ ಉಣುಗ ಇರೋ ಯಾವ ಪ್ರಾಣೀನೂ ಕಂದಕ ದಾಟಂಗಿಲ್ಲ! ದಾಟುದ್ರೆ ದೊಡ್ಡಿಗೆ! ಡಾಕ್ಟ್ರು ಸರ್ಟಿಪೇಟು ಕೊಡೋಗಂಟ ಬುಡಂಗಿಲ್ಲ!"

ಊರಿನಲ್ಲಿ ಹೊಲವಿದ್ದವರಿಗೆ ಹುಲ್ಲಿನ ಮೆದೆ ಇತ್ತು, ಗೊಣಗಿಕೊಂಡು ದನಗಳನ್ನು ಮನೆಯಲ್ಲೇ ಕಟ್ಟಿದರು. ಕಷ್ಟಕ್ಕೆ ಸಿಕ್ಕಿದ್ದು ಒಬ್ಬ ಅಜ್ಜಿ. ಅವಳಿಗೆ ಹೊಲವಿಲ್ಲ, ಮಕ್ಕಳಿಲ್ಲ. ಇದ್ದದ್ದು ಕೆಂಪಿ ಎಂಬ ಒಂದೇ ಹಸು, ಮತ್ತು ನಾಲಿಗೆ. ಕೆಂಪಿಯ ಹಾಲು ಮಾರಿ ಜೀವನ. ಕಾಡಿನ ಹುಲ್ಲಿಲ್ಲದಿದ್ದರೆ ಕೆಂಪಿಗೆ ಹೊಟ್ಟೆಗಿಲ್ಲ, ಕೆಂಪಿಗೆ ಇಲ್ಲದಿದ್ದರೆ ಅಜ್ಜಿಗೂ ಇಲ್ಲ. ಕೆಂಪಿಗೆ ಆಗಷ್ಟೇ ಉಣುಗು ಜ್ವರ ಬಂದು, ನಾನು ಟೆಟ್ರಾಸೈಕ್ಲಿನ್ ಚುಚ್ಚಿ ಎಬ್ಬಿಸಿದ್ದೆ. ತಮಟೆ ಕೇಳಿಸಿದರೂ ಕೇಳಿಸದವಳ ಹಾಗೆ ಅಜ್ಜಿ ಹಸುವನ್ನು ಹೊಡೆದುಕೊಂಡು ಸೇತುವೆ ದಾಟಿದಳು. ಸಂಜೆಯೊಳಗೆ ಕೆಂಪಿ ದೊಡ್ಡಿಯಲ್ಲಿತ್ತು.

ಅಜ್ಜಿ ನೆಟ್ಟಗೆ ನನ್ನ ಆಸ್ಪತ್ರೆಗೆ ಬಂದಳು.

"ಡಾಕ್ಟ್ರಪ್ಪ, ಒಂದು ಸರ್ಟಿಪೇಟು ಕೊಡು."

"ಉಣುಗು ಇಲ್ಲದಿದ್ದರೆ ಕೊಡ್ತೀನಿ ಅಜ್ಜಿ, ನಡಿ ನೋಡೋಣ."

ಹೋಗಿ ನೋಡಿದರೆ ದೊಡ್ಡಿಯೇ ಉಣುಗಿನ ತವರುಮನೆ. ಗೋಡೆಯ ಬಿರುಕುಗಳಲ್ಲೆಲ್ಲ ಅವೇ. ಆಗ ಕಿತ್ತು ತೆಗೆದರೆ ಬೆಳಿಗ್ಗೆಗೆ ಬೇರೆ ಹತ್ತಿರುತ್ತವೆ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಉಣುಗು ಹೋಗುವವರೆಗೆ ಹಸು ದೊಡ್ಡಿ ಬಿಡುವ ಹಾಗಿಲ್ಲ, ದೊಡ್ಡಿ ಬಿಡುವವರೆಗೆ ಉಣುಗು ಹೋಗುವ ಹಾಗಿಲ್ಲ. ಸುಳ್ಳು ಬರೆದುಕೊಟ್ಟರೆ ರೇಂಜರ್ ಸಾಹೇಬರು ಹಸುವಿನ ಕಿವಿ ಮಗುಚಿ ನೋಡುವ ಪೈಕಿ. ಅಂದಿನಿಂದ ಅಜ್ಜಿ ಒಂದು ಕರಟದಲ್ಲಿ ಸೀಮೆಎಣ್ಣೆ ಹಾಕಿಕೊಂಡು ದೊಡ್ಡಿಯಲ್ಲೇ ಕೂತಳು. ಒಂದೊಂದೇ ಉಣುಗು ಕೀಳುವುದು, ಕರಟಕ್ಕೆ ಹಾಕುವುದು, ಒಂದೊಂದಕ್ಕೂ ರೇಂಜರ್ ಸಾಹೇಬರ ವಂಶವನ್ನು ಸ್ಮರಿಸುವುದು.

"ನೀನು ಬೇಜಾರು ಮಾಡ್ಕಬೇಡ ಡಾಕ್ಟ್ರಪ್ಪ," ಎಂದಳು ನನಗೆ. "ನಿನ್ನೂ ಬಯ್ತೀನಿ. ಸಣ್ಣ ಉಣುಗ ಸಿಕ್ಕುದಾಗ."

ಗಾರ್ಡಿನ ಕಿವಿ

ಕೆಂಪಿಯನ್ನು ಹಿಡಿದು ದೊಡ್ಡಿಗೆ ತಂದವನು ಅರಣ್ಯದ ಗಾರ್ಡು. ಹೇಳಿದ ಮಾತನ್ನು ಒಂದಕ್ಷರ ಬಿಡದೆ ಪಾಲಿಸುವ ಪ್ರಾಣಿ. ಸಾಹೇಬರು ಹೇಳಿದ್ದರಲ್ಲಿ ತಲೆ ಹಾಕಿದರೆ ತಲೆ ಸವೆಯುತ್ತದೆ ಎಂದು ನಂಬಿದ್ದ. ಅವನಿಗೆ ಆ ವಾರ ಸಣ್ಣಗೆ ಜ್ವರ ಬಂತು. ಕಂಬಳಿ ಹೊದ್ದುಕೊಂಡು ದನದ ಆಸ್ಪತ್ರೆಗೆ ಬಂದ.

"ಸಾ, ಆವಮ್ಮನ ಹಸಿನ ಉಣುಗ ನಂಗೂ ಕಚ್ಬುಡ್ತು. ಅದ್ರ ಜ್ವರವೇ ನಂಗೂ ಬಂದದೆ."

"ಅದು ದನದ ಜ್ವರ ಕಣಯ್ಯ, ನಿನಗೆ ಬರುವುದಿಲ್ಲ. ಕೋಟೆ ಆಸ್ಪತ್ರೆಗೆ ಹೋಗು."

"ಅಲ್ಲಿ ಬಾಟ್ಲೀಲಿ ಕೆಂಪು ನೀರು ಕೊಟ್ಟು ಕಳಿಸ್ತಾರೆ ಸಾ. ಕೆಂಪಿಗೆ ನೀವು ಕೊಟ್ರಲ್ಲ, ಅಂಥದೇ ಒಂದು ಕೊಡಿ."

ನಾನು ಕೆಂಪಿಗೆ ಬಳಸಿದ ಸೂಜಿಯನ್ನು ತೆಗೆದು ತೋರಿಸಿದೆ. ಅವನ ಜ್ವರ ಅಲ್ಲೇ ಅರ್ಧ ಇಳಿಯಿತು. ಆದರೂ ಬಿಡಲಿಲ್ಲ. "ಸೂಜಿ ಬ್ಯಾಡ ಬುಡಿ. ರಕ್ತನಾರ ನೋಡಿ" ಎಂದ. ಪೀಡೆ ತೊಲಗಲಿ ಎಂದು ಬೆರಳು ಚುಚ್ಚಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡ.

"ಹಸಿಗೆ ಕಿವೀಲಿ ತೆಗುದ್ರಿ, ನಂಗೆ ಬೆರಳಲ್ಲಿ ತೆಗೀತೀರಾ? ಬೆರಳಿಗೆ ಜ್ವರ ಎಲ್ಲಿ ಬತ್ತದೆ ಸಾ?" ಎಂದು ಕಿವಿಯನ್ನು ತಾನೇ ಹಿಡಿದು ಮುಂದೆ ನೀಡಿದ.

ಚುಚ್ಚಿದೆ. ಹಸುವೂ ಅಷ್ಟು ಕೂಗುವುದಿಲ್ಲ. ಗಾಜಿಗೆ ಬಣ್ಣ ಹಾಕಿ ನೋಡಿದೆ, ಚುಕ್ಕೆ ಗಿಕ್ಕೆ ಏನೂ ಇರಲಿಲ್ಲ. ನಿನಗೆ ಬರೀ ನೆಗಡಿ ಎಂದೆ. ಅವನು ಹೋಗುವವನಲ್ಲ. "ಅದ್ನೇ ಒಂದು ಚೀಟೀಲಿ ಬರ್ಕೊಟ್ಬುಡಿ. ಸಾಹೇಬ್ರು ಯಾವ ಪ್ರಾಣೀನೂ ಅಂದವ್ರೆ, ನಾಳೆ ನನ್ನೂ ತಡೆದುಬುಟ್ರೆ?" ಎಂದ. ನಗು ತಡೆದುಕೊಂಡು, ಇವನ ಮೈಮೇಲೆ ಉಣುಗಿಲ್ಲ, ರಕ್ತದಲ್ಲಿ ಉಣುಗು ಜ್ವರವಿಲ್ಲ ಎಂದು ಬರೆದು ಮೊಹರು ಒತ್ತಿದೆ. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟ.

ಇಷ್ಟನ್ನೂ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಾರ್ಡು ಮೆಟ್ಟಿಲಿಳಿದ ಮೇಲೆ ಒಳಗೆ ಬಂದಳು.

"ಅವನ್ಗೆ ಸರ್ಟಿಪೇಟು ಸಿಕ್ತು, ನನ್ ಕೆಂಪಿಗಿಲ್ಲ. ಆಗ್ಲಿ ಡಾಕ್ಟ್ರಪ್ಪ, ನಾಳೆಯಿಂದ ಅವನ್ನೇ ಕರ್ಕೋತೀನಿ. ಎಷ್ಟು ಲೀಟ್ರು ಬತ್ತದೋ ನೋಡುವಾ."

ಎರಡು ಬೆಂಕಿಪೊಟ್ಟಣ

ಅಜ್ಜಿಯ ಪಾಡು ನನಗೆ ನೋಡಲಾಗಲಿಲ್ಲ. ರೇಂಜರ್ ಸಾಹೇಬರ ಹತ್ತಿರ ಹೋಗಿ ಜಗಳವಾಡಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಸತ್ತ ಜಿಂಕೆಯ ಮೈಮೇಲಿನ ಉಣುಗನ್ನೂ ಕೆಂಪಿಯ ಮೈಮೇಲಿನ ಉಣುಗನ್ನೂ ಮೈಸೂರಿಗೆ ಒಯ್ದು ತಿಳಿದವರಿಗೆ ತೋರಿಸುವುದು. ಎರಡೂ ಬೇರೆ ಬೇರೆ ಜಾತಿ ಎಂದಾದರೆ ದನಗಳ ಮೇಲಿನ ಆರೋಪ ಬಿಟ್ಟು ಆಜ್ಞೆ ವಾಪಸು. ಗಾರ್ಡು ಜಿಂಕೆಯ ಉಣುಗನ್ನು ಒಂದು ಬೆಂಕಿಪೊಟ್ಟಣದಲ್ಲಿ ತಂದುಕೊಟ್ಟ, ಅದಕ್ಕೆ ಕೆಂಪು ದಾರ ಸುತ್ತಿದೆ. ಅಜ್ಜಿ ಕೊಟ್ಟ ಪೊಟ್ಟಣಕ್ಕೆ ಬಿಳಿ ದಾರ. ಎರಡನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ.

ನಮ್ಮ ಕಡೆ ಬೆಂಕಿಪೊಟ್ಟಣ ಎಂಬುದು ಕೇಳಿ ತೆಗೆದುಕೊಳ್ಳುವ ವಸ್ತುವಲ್ಲ. ಪಕ್ಕದವನ ಜೇಬಿನಲ್ಲಿ ಕಂಡರೆ ತೆಗೆದು, ಬೀಡಿ ಹಚ್ಚಿ, ವಾಪಸು ಇಡುವುದು ರೂಢಿ. ನಾನು ತೂಕಡಿಸುತ್ತಿದ್ದೆ. ಪಕ್ಕದಲ್ಲಿದ್ದ ಹೊಗೆಸೊಪ್ಪಿನ ವ್ಯಾಪಾರಿ ಕೆಂಪು ದಾರದ್ದನ್ನು ತೆಗೆದುಕೊಂಡ. ಹಿಂದಿನ ಸೀಟಿನವನು ಬಗ್ಗಿ ಬಿಳಿ ದಾರದ್ದನ್ನು ಎತ್ತಿದ. ಅದು ಅಲ್ಲಿಂದ ಇನ್ನೊಬ್ಬನ ಕೈಗೆ, ಅವನಿಂದ ಇನ್ನೂ ಹಿಂದಿನವನ ಕೈಗೆ ಹೋಯಿತು.

ನನಗೆ ಎಚ್ಚರವಾದದ್ದು ವ್ಯಾಪಾರಿಯ ಕಿರುಚಾಟಕ್ಕೆ. ಅವನು ಬಾಯಲ್ಲಿ ಬೀಡಿ ಕಚ್ಚಿಕೊಂಡು, ಪಂಚೆ ಕೊಡವುತ್ತ ಸೀಟಿನ ಮೇಲೆ ಹತ್ತಿ ನಿಂತಿದ್ದ. ಅಷ್ಟರಲ್ಲಿ ಹಿಂದಿನಿಂದಲೂ ಕೂಗು ಎದ್ದಿತು. ಕಂಡಕ್ಟರು ಸೀಟಿ ಊದಿದ. ಬಸ್ಸು ನಿಂತಿತು. ಜನರೆಲ್ಲ ಇಳಿದು ರಸ್ತೆಯಲ್ಲಿ ನಿಂತು ಬಟ್ಟೆ ಕೊಡವುವ ದೃಶ್ಯವನ್ನು ನಾನು ವರ್ಣಿಸಲಾರೆ. ಆ ಕಡೆಯಿಂದ ಬಂದ ಎತ್ತಿನಗಾಡಿಯವನೊಬ್ಬ ಏನೋ ಪೂಜೆ ಇರಬೇಕೆಂದು ಗಾಡಿ ನಿಲ್ಲಿಸಿ ಕೈ ಮುಗಿದ.

ನಾನು ಯಾರು, ಇದು ಯಾಕೆ ಎಂದು ಹೇಳಿದೆ. ಬಯ್ಯುತ್ತಾರೆಂದು ಹೆದರಿದ್ದೆ. ಬದಲಿಗೆ ಜನ ಕರಗಿಹೋದರು. "ಪಾಪ, ಮುದ್ಕಿ ಹಸಿನ ವಿಚಾರ" ಎಂದು ಎಲ್ಲರೂ ಬಸ್ಸಿನೊಳಗೆ ಬಗ್ಗಿ ಹುಡುಕಿ, ಸಿಕ್ಕ ಉಣುಗನ್ನೆಲ್ಲ ತಂದು ತಂದು ಪೊಟ್ಟಣಕ್ಕೆ ಹಾಕತೊಡಗಿದರು. ಯಾವ ಉಣುಗು ಯಾವ ದಾರದ್ದು ಎಂದು ನಾನು ಕೂಗುತ್ತಿದ್ದರೆ ಕೇಳುವವರಾರು?

"ಯಾವ್ದಾದ್ರೇನು ಹಾಕಳಿ ಸ್ವಾಮಿ," ಎಂದ ವ್ಯಾಪಾರಿ. "ನಾವೇನು ನಿಮ್ ಸಾಮಾನು ಇಟ್ಕಳೋ ಜನ ಅಲ್ಲ."

ಮೈಸೂರಿನಲ್ಲಿ ಹಿರಿಯ ಅಧಿಕಾರಿಗಳು ಎರಡೂ ಪೊಟ್ಟಣಗಳನ್ನು ಬಿಚ್ಚಿ ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು.

"ಎರಡರಲ್ಲೂ ಒಂದೇ ಜಾತಿಯವು ಇವೆಯಲ್ಲ," ಎಂದರು. ಅವರು ಕೆಂಪು ದಾರದ ಪೊಟ್ಟಣವನ್ನು ನನ್ನ ಕಡೆ ತಿರುಗಿಸಿದರು. "ಅದಿರಲಿ. ನಿಮ್ಮ ಕಾಡಿನ ಜಿಂಕೆಗಳು ಬಸ್ಸಿನಲ್ಲಿ ಓಡಾಡುತ್ತವೇನ್ರೀ? ಇದರಲ್ಲಿ ತಿಗಣೆಗಳೂ ಇವೆ."

ದೊಡ್ಡಿಗೆ ಬಂದ ಅತಿಥಿ

ಹೀಗೆ ನನ್ನ ಪರೀಕ್ಷೆ ಮಣ್ಣುಪಾಲಾಯಿತು. ಕೆಂಪಿ ದೊಡ್ಡಿಯಲ್ಲೇ ಉಳಿಯಿತು. ಯಾರಾದರೂ ಕನಿಕರಪಟ್ಟು ಹುಲ್ಲು ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಹಾಲು ಕರಟದಷ್ಟಕ್ಕೆ ಇಳಿಯಿತು. ಅಜ್ಜಿಯ ಬೈಗುಳವೂ ಕಡಿಮೆಯಾಯಿತು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು.

ಇಲ್ಲಿ ರೇಂಜರ್ ಸಾಹೇಬರ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅವರ ಹೆಂಡತಿ, ಊರಿಗೆಲ್ಲ ಅಮ್ಮಾವ್ರು, ಒಂದು ಹೆಣ್ಣು ಜಿಂಕೆಯನ್ನು ಸಾಕಿದ್ದರು. ಸೀಳುನಾಯಿಗಳು ತಾಯಿಯನ್ನು ಕೊಂದಾಗ ಸಿಕ್ಕಿದ ಮರಿ ಅದು. ಹೆಸರು ಚುಕ್ಕಿ, ಕುತ್ತಿಗೆಗೆ ಕೆಂಪು ರಿಬ್ಬನ್ನು, ಒಂದು ಗೆಜ್ಜೆ. ಅದು ಬದುಕಿದ್ದೇ ಬಾಟಲಿಯ ಹಾಲಿನಿಂದ, ಆ ಹಾಲು ಬರುತ್ತಿದ್ದದ್ದು ಅಜ್ಜಿಯ ಕೆಂಪಿಯಿಂದ. ದೊಡ್ಡದಾದ ಮೇಲೂ ಅದಕ್ಕೆ ಸಂಜೆಯ ಬಾಟಲಿ ತಪ್ಪಿರಲಿಲ್ಲ. ಕೆಂಪಿ ದೊಡ್ಡಿಗೆ ಹೋದ ಮೇಲೆ, ಆಜ್ಞೆಯ ಸಿಟ್ಟಿಗೆ ಬೇರೆ ಯಾರೂ ಹಾಲು ಹಾಕದೆ, ಆ ಮನೆಯಲ್ಲಿ ಕಾಫಿಗೂ ಹಾಲಿಲ್ಲ, ಚುಕ್ಕಿಗೂ ಹಾಲಿಲ್ಲ. ಸಾಹೇಬರು ಕರಿ ಕಾಫಿ ಕುಡಿದು ಸುಮ್ಮನಿದ್ದರು. ಚುಕ್ಕಿ ಸುಮ್ಮನಿರಲಿಲ್ಲ.

ಒಂದು ದಿನ ಅದು ಸೇತುವೆ ದಾಟಿ ಊರಿಗೆ ಬಂತು. ದಾರಿಯಲ್ಲಿ ಅವರೆ ಹೊಲ ಕಂಡಿತು, ಸೊಗಡಿನ ಅವರೆಕಾಯಿಯ ಕಾಲ. ಒಂದು ಸಾಲನ್ನು ಚೆನ್ನಾಗಿ ಮೇದು, ಬಾಯಿ ಒರೆಸಿಕೊಂಡ ಹಾಗೆ ಮಾಡಿ, ನೇರವಾಗಿ ದೊಡ್ಡಿಯ ಬಾಗಿಲಿಗೆ ಬಂದು ಕೆಂಪಿಯನ್ನು ನೋಡುತ್ತ ನಿಂತಿತು. ದೊಡ್ಡಿ ಕಾಯುವವನು ಒಂದು ಸುತ್ತು ಬಂದು ನೋಡಿದ. ಪ್ರಾಣಿ ಹೌದು. ಕಂದಕ ದಾಟಿದೆ, ಹೌದು. ಕಿವಿ ಮಗುಚಿದ, ಉಣುಗು ಹೌದು. ಬಾಗಿಲು ತೆಗೆದು ಒಳಗೆ ಬಿಟ್ಟು ಅಗುಳಿ ಹಾಕಿದ.

ಸುದ್ದಿ ಹೋದದ್ದೇ ತಡ ಅಮ್ಮಾವ್ರು ಓಡಿಬಂದರು. ಹಿಂದೆ ಸಾಹೇಬರು, ಅವರ ಹಿಂದೆ ಗಾರ್ಡು. ನನ್ನನ್ನೂ ಕರೆಸಿದ್ದರು.

"ಬಿಡಯ್ಯ ಅದನ್ನ," ಎಂದರು ಸಾಹೇಬರು.

"ಡಾಕ್ಟ್ರ ಸರ್ಟಿಪೇಟು ಬೇಕು ಸ್ವಾಮಿ," ಎಂದ ದೊಡ್ಡಿ ಕಾಯುವವನು, ಬಹಳ ವಿನಯವಾಗಿ. "ನಾನೇ ತಮಟೆ ಹೊಡ್ದಿರೋದು. ಈಗ ಬುಟ್ರೆ ನಾಳೆಯಿಂದ ನನ್ ತಮಟೆಗೆ ಊರಲ್ಲಿ ಯಾರು ಮರ್ಯಾದೆ ಕೊಡ್ತಾರೆ?"

"ನಮ್ಮ ಚುಕ್ಕಿಗೆ ಉಣುಗೇ?" ಎಂದರು ಅಮ್ಮಾವ್ರು. "ವಾರಕ್ಕೊಂದು ಸಲ ಸೀಗೆಪುಡಿ ಹಾಕಿ ತಲೆಗೆ ಎರೀತೀನಿ ಕಣ್ರೀ ಡಾಕ್ಟ್ರೇ!"

ಒಳಗೆ ನೋಡಿದರೆ ಚುಕ್ಕಿ ಕೆಂಪಿಯ ಮಗ್ಗುಲಲ್ಲಿ ಕಾಲು ಮಡಚಿ ಮಲಗಿತ್ತು. ಅಜ್ಜಿ ಎರಡರ ನಡುವೆ ಕೂತಿದ್ದಳು. ಎಡಗೈಯಲ್ಲಿ ಹಸುವಿನ ಕಿವಿಯಿಂದ ಒಂದು, ಬಲಗೈಯಲ್ಲಿ ಜಿಂಕೆಯ ಕಿವಿಯಿಂದ ಒಂದು, ಎರಡೂ ಒಂದೇ ಕರಟಕ್ಕೆ. ಜಿಂಕೆ ಸುಖಕ್ಕೆ ಕಣ್ಣು ಮುಚ್ಚಿತ್ತು. ಇದು ಅದಕ್ಕೆ ಹೊಸದಲ್ಲವೆಂದು ನೋಡಿದರೇ ತಿಳಿಯುತ್ತಿತ್ತು.

"ಬತ್ತಾ ಇತ್ತು ಕಣವ್ವ, ನಮ್ ಕೊಟ್ಟಿಗೆಗೆ," ಎಂದಳು ಅಜ್ಜಿ ಅಮ್ಮಾವ್ರಿಗೆ. "ನೀವು ಮದ್ಯಾನ ಮಲೀಕತ್ತೀರಲ್ಲ, ಆಗ."

ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಚುಕ್ಕಿಗೆ ಮಾತ್ರ ಒಂದು ಬರೆದುಕೊಡಿ ಎಂದರು. ಅದರ ರಕ್ತ ನೋಡಿಯೇ ಬರೆಯುವುದು ಎಂದೆ. ಕಿವಿಯಿಂದ ಒಂದು ಹನಿ ತೆಗೆದು ಆಸ್ಪತ್ರೆಗೆ ಹೋದೆವು. ಸಿದ್ಧ ಮಾಡಿ ಸೂಕ್ಷ್ಮದರ್ಶಕದ ಮುಂದೆ ಸಾಹೇಬರನ್ನೇ ಕೂರಿಸಿದೆ. ಅಂಚಿನ ಚುಕ್ಕೆಗಳನ್ನು ತೋರಿಸಿಕೊಟ್ಟೆ.

"ಇದು ಆ ಹಸುವಿನ ರಕ್ತ ಅಲ್ವೇನ್ರೀ?"

"ಅಲ್ಲ ಸಾರ್, ನಿಮ್ಮ ಚುಕ್ಕಿಯದು. ಹಸುವಿನದೂ ಹೀಗೆಯೇ ಇತ್ತು. ಜಿಂಕೆ ಇದನ್ನು ಹೊತ್ತುಕೊಂಡೂ ಆರಾಮಾಗಿ ಅವರೆ ತಿನ್ನಬಹುದು."

"ಯಾರಿಂದ ಯಾರಿಗೆ ಬಂದದ್ದು?"

"ಉಣುಗನ್ನೇ ಕೇಳಬೇಕು."

ಸಾಹೇಬರು ಬಹಳ ಹೊತ್ತು ಆ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಅವರ ಮುಖ ನೋಡಿ ನನಗೆ ಪಾಪ ಎನ್ನಿಸಿತು. ಅವರೇನು ಕೆಟ್ಟವರಲ್ಲ, ಮೇಲಿನವರಿಗೆಲ್ಲ ದನದಿಂದಲೇ ಬಂದಿದೆ ಎಂದು ಹೇಳಿಯಾಗಿತ್ತು, ಈಗ ಇಳಿಯಲು ಏಣಿ ಇರಲಿಲ್ಲ. ವಾಪಸು ದೊಡ್ಡಿಗೆ ಬಂದರೆ ಅಮ್ಮಾವ್ರು ಅಜ್ಜಿಯ ಪಕ್ಕ ಹುಲ್ಲಿನ ಮೇಲೆ ಕೂತು, ತಾವೂ ಒಂದು ಕರಟ ಹಿಡಿದಿದ್ದರು.

"ನೀವು ಮನೆಗೆ ಹೋಗಿ," ಎಂದರು ಗಂಡನಿಗೆ. "ಅನ್ನ ಸಾರು ಮಾಡ್ಕೊಳ್ಳಿ. ಚುಕ್ಕಿಗೆ ಸರ್ಟಿಫಿಕೇಟು ಸಿಕ್ಕಿದ ದಿನ ನಾನೂ ಬರ್ತೀನಿ."

ಕಿಚ್ಚು

ಏಣಿ ತಂದುಕೊಟ್ಟವಳು ಅಜ್ಜಿ. ಸಂಕ್ರಾಂತಿ ಎದುರಿಗೇ ಇತ್ತು. ನಮ್ಮ ಕಡೆ ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ರಸ್ತೆಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ ಅದರ ಮೇಲೆ ದನಗಳನ್ನು ಹಾಯಿಸುತ್ತಾರೆ. ಕಿಚ್ಚು ಹಾಯ್ದ ದನದ ಉಣುಗು, ಪೀಡೆ, ಕೆಟ್ಟ ಕಣ್ಣು ಎಲ್ಲ ಸುಟ್ಟುಹೋಗುತ್ತದೆ ಎಂದು ನಂಬಿಕೆ. ಆ ದಿನ ದೊಡ್ಡಿಯಲ್ಲೂ ದನ ಇರಕೂಡದು, ಅದು ಊರಿನ ಕಟ್ಟು.

"ಕಿಚ್ಚು ಹಾಯ್ದ ಮೇಲೆ ಡಾಕ್ಟ್ರ ಸರ್ಟಿಪೇಟು ಯಾಕೆ ಸ್ವಾಮಿ?" ಎಂದಳು ಸಾಹೇಬರಿಗೆ. "ನಮ್ ದನ ಹಾಯ್ಲಿ, ನಿಮ್ ಜಿಂಕೇನೂ ಹಾಯ್ಲಿ. ಹಾಯ್ದವೆಲ್ಲ ಕಾಡ್ಗೆ ಓಗ್ಲಿ, ಹಾಯ್ದೆ ಇದ್ದವು ದೊಡ್ಡಿಗೆ ಓಗ್ಲಿ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಅಮ್ಮಾವ್ರು ಕರಟದ ಕಡೆ ನೋಡಿದರು. "ಆಗಲಿ," ಎಂದರು ಸಾಹೇಬರು. ಕರಿ ಕಾಫಿ ಕುಡಿದ ದನಿಯಿತ್ತು ಅದರಲ್ಲಿ. "ಆದರೆ ಯಾರೂ ದಬ್ಬಬಾರದು. ತಾನಾಗಿ ಹಾಯಬೇಕು. ಜಿಂಕೆಯ ಮುಂದೆ ನಿಮ್ಮ ಹಸು ಏನು ಹಾರೀತು? ನಮ್ಮ ಚುಕ್ಕಿಯನ್ನು ನಾನೇ ಹಾಯಿಸುತ್ತೇನೆ."

ನಾನು ನನ್ನ ಪಾಡಿಗೆ ಹಿಂದಿನ ದಿನವೇ ಊರಿನ ಎಲ್ಲ ದನಕ್ಕೂ, ಆ ವಾರವಷ್ಟೇ ಮೈಸೂರಿನಿಂದ ಬಂದಿದ್ದ ಉಣುಗು ಕೊಲ್ಲುವ ಪುಡಿ ಹಚ್ಚಿಸಿದೆ. ದೊಡ್ಡಿಯ ಬಿರುಕುಗಳಿಗೂ ಎರಚಿಸಿದೆ. ಬೆಂಕಿಯ ಮೇಲೆ ನಂಬಿಕೆ ಇಲ್ಲವೆಂದಲ್ಲ, ಸರ್ಕಾರದ ಸಂಬಳ ತಿನ್ನುವವನು ನಾನು. ಆದರೆ ನನ್ನ ಚಿಂತೆ ಬೇರೆ. ಕೆಂಪಿ ಜ್ವರದಿಂದ ಎದ್ದ ಹಸು, ಮೇಲೆ ಅರೆಹೊಟ್ಟೆ. ಅದು ಹಾರದೆ ನಿಂತುಬಿಟ್ಟರೆ ಅಜ್ಜಿಯ ಗತಿ ಏನು? ಅಜ್ಜಿಗೂ ಅದೇ ಚಿಂತೆ ಇತ್ತು. ಬೆಳಿಗ್ಗೆಯಿಂದ ಕೆಂಪಿಯ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. ಬಯ್ಯುತ್ತಿರಲಿಲ್ಲ.

ಹೊತ್ತು ಮುಳುಗುವಾಗ ಹುಲ್ಲಿಗೆ ಬೆಂಕಿ ಹಚ್ಚಿದರು. ಊರೆಲ್ಲ ಎರಡೂ ಕಡೆ ನಿಂತಿತ್ತು. ಎತ್ತುಗಳು ಒಂದೊಂದಾಗಿ ಹೋ ಎಂದು ಹಾಯ್ದವು, ಕರುಗಳು ಹಿಂಡುಹಿಂಡಾಗಿ ಹಾಯ್ದವು. ಕೊನೆಗೆ ಕೆಂಪಿಯ ಸರದಿ. ಅಜ್ಜಿ ಹಗ್ಗ ಬಿಟ್ಟಳು. ಕೆಂಪಿ ನಾಲ್ಕು ಹೆಜ್ಜೆ ಬಂತು. ಬೆಂಕಿಯ ಮುಂದೆ ನಿಂತಿತು.

ಯಾರೂ ದಬ್ಬುವ ಹಾಗಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕೆಂಪಿ ಬಾಲ ಬೀಸಿತು, ಅತ್ತ ನೋಡಿತು, ಇತ್ತ ನೋಡಿತು. ನಾನು ನಾಸ್ತಿಕನಲ್ಲದಿದ್ದರೂ ಅಷ್ಟು ದೇವರುಗಳನ್ನು ಒಟ್ಟಿಗೆ ಎಂದೂ ಕರೆದವನಲ್ಲ.

"ಆಯ್ತು, ಅದು ಹಾಯೋದಿಲ್ಲ," ಎಂದರು ಸಾಹೇಬರು. ದನಿಯಲ್ಲಿ ಗೆಲುವಿಗಿಂತ ಬೇಸರವೇ ಇತ್ತು ಎಂದು ನನಗೆ ತೋರಿತು. "ನಮ್ಮ ಚುಕ್ಕಿಯನ್ನು ನೋಡಿ."

ಖಾಕಿ ನಿಕ್ಕರು, ಬೂಟು, ತಲೆಯ ಮೇಲೆ ಹ್ಯಾಟು. ಚುಕ್ಕಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ದೂರದಿಂದ ಓಡಿಬಂದರು. ಜಿಂಕೆಯ ಓಟ ಕೇಳಬೇಕೇ? ಸಾಹೇಬರು ಅದನ್ನು ಓಡಿಸುತ್ತಿದ್ದಾರೋ, ಅದೇ ಅವರನ್ನು ಎಳೆಯುತ್ತಿದೆಯೋ ತಿಳಿಯದ ಹಾಗೆ ಇಬ್ಬರೂ ಗಾಳಿಯಂತೆ ಬಂದರು. ಬೆಂಕಿಗೆ ಒಂದು ಮಾರು ಇರುವಾಗ ಚುಕ್ಕಿ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ಗಕ್ಕನೆ ನಿಂತಿತು. ಸಾಹೇಬರು ನಿಲ್ಲಲಿಲ್ಲ. ನಿಲ್ಲುವುದು ಅವರ ಕೈಯಲ್ಲೂ ಇರಲಿಲ್ಲ, ಕಾಲಿನಲ್ಲೂ ಇರಲಿಲ್ಲ. ಹಗ್ಗ ಕೈಬಿಟ್ಟಿತು, ಹ್ಯಾಟು ಹಿಂದಕ್ಕೆ ಹಾರಿತು, "ಅಯ್ಯಯ್ಯಯ್ಯೋ!" ಎಂಬ ಕೂಗಿನೊಂದಿಗೆ ರೇಂಜರ್ ಸಾಹೇಬರು ಕಿಚ್ಚಿನ ಮೇಲೆ ಹಾರಿ ಆಚೆ ಬದಿಯ ಬೂದಿಯಲ್ಲಿ ನಿಂತರು.

ಅದನ್ನು ನೋಡಿದ ಕೆಂಪಿಗೆ ಏನನ್ನಿಸಿತೋ ಗೊತ್ತಿಲ್ಲ. ಸಾಹೇಬರೇ ಹಾಯ್ದ ಮೇಲೆ ತನ್ನದೇನು ಎಂದುಕೊಂಡಿರಬೇಕು. ಒಂದು ಸಲ ಬುಸ್ ಎಂದು, ಬಾಲ ಎತ್ತಿಕೊಂಡು ಅವರ ಹಿಂದೆಯೇ ನೆಗೆಯಿತು. ಕೆಂಪಿ ಹೋದದ್ದನ್ನು ಕಂಡ ಚುಕ್ಕಿ ತಾಯಿಯ ಹಿಂದೆ ಹೋಗುವ ಮರಿಯ ಹಾಗೆ ಗೆಜ್ಜೆ ಸದ್ದು ಮಾಡುತ್ತ ಒಂದೇ ನೆಗೆತಕ್ಕೆ ದಾಟಿತು. ಹಸು ಬಂದು ಸಾಹೇಬರ ಬೆನ್ನಿಗೆ ಮುಖ ಒತ್ತಿ ನಿಂತಿತು, ಜಿಂಕೆ ಹಸುವಿನ ಬೆನ್ನಿಗೆ.

ಸಾಹೇಬರು ತಮ್ಮ ಬೂಟು ನೋಡಿಕೊಂಡರು, ಕೆಂಪಿಯನ್ನು ನೋಡಿದರು. ಮೀಸೆಯ ತುದಿ ಸ್ವಲ್ಪ ಸೀದಿತ್ತು. ಮೊದಲು ನಕ್ಕವರು ಅವರೇ. ಆಮೇಲೆ ಊರು ನಕ್ಕ ನಗುವಿಗೆ ದನಗಳು ಮತ್ತೆ ಬೆದರಿ ವಾಪಸು ಕಿಚ್ಚು ಹಾಯುವುದರಲ್ಲಿದ್ದವು. ಅಮ್ಮಾವ್ರಂತೂ ನಗುತ್ತ ನಗುತ್ತ ಕಣ್ಣೀರು ಒರೆಸಿಕೊಂಡರು. ಅಜ್ಜಿ ಕೆಂಪಿಯ ಕುತ್ತಿಗೆಗೆ ಬಿದ್ದು ಗಟ್ಟಿಯಾಗಿ ಅತ್ತಳು, ಅತ್ತು ಮುಗಿಸಿ ಒಂದು ಸಲ ಬೈದಳು. ನನಗೆ ಜೀವ ಬಂತು.

"ಆಯ್ತು ಕಣಜ್ಜಿ," ಎಂದರು ಸಾಹೇಬರು. "ನಾಳೆ ಬೆಳಿಗ್ಗೆಯಿಂದ ಎಲ್ಲ ದನಾನೂ ಬರಲಿ. ಮುಗೀತು ಆ ಆಜ್ಞೆ." ಹ್ಯಾಟನ್ನು ಎತ್ತಿಕೊಂಡು, ಹೆಂಡತಿಯನ್ನೂ ಚುಕ್ಕಿಯನ್ನೂ ಕರೆದುಕೊಂಡು ಮನೆಯ ಕಡೆ ಹೊರಟರು. ಬೆನ್ನ ಹಿಂದೆ ಇಡೀ ಊರು ಹೊರಟಿತು.

ಸೇತುವೆಯ ಬಾಯಲ್ಲಿ ಗಾರ್ಡು ಅಡ್ಡ ನಿಂತಿದ್ದ. ಹೊಸ ಆಜ್ಞೆ ಇನ್ನೂ ಅವನ ಕಿವಿಗೆ ಬಿದ್ದಿರಲಿಲ್ಲ. ಕೈಯಲ್ಲಿದ್ದ ಲಾಟೀನನ್ನು ಎತ್ತಿ ಸಾಹೇಬರ ಕಾಲರಿನ ಹತ್ತಿರ ಹಿಡಿದು, ಬಗ್ಗಿ ನೋಡಿದ. ಕೆಂಪಿ ಮುಖ ಒತ್ತಿದ ಬೆನ್ನಿನಿಂದ ಬಂದ ಒಂದು ಉಣುಗು ನಿಧಾನವಾಗಿ ಕುತ್ತಿಗೆಯ ಕಡೆ ಹತ್ತುತ್ತಿತ್ತು.

"ಸಾ..." ಎಂದ ಅವನು ಕಷ್ಟಪಟ್ಟು. "ಯಾವ ಪ್ರಾಣೀನೂ ಅಂತ ನೀವೇ ಅಂದಿದ್ರಿ..."

ಅಜ್ಜಿ ಗುಂಪು ಸೀಳಿಕೊಂಡು ಮುಂದೆ ಬಂದಳು. ಸಾಹೇಬರ ಕಾಲರಿನಿಂದ ಆ ಉಣುಗನ್ನು ಎರಡು ಬೆರಳಲ್ಲಿ ಕಿತ್ತಳು, ಸೊಂಟದಿಂದ ಕರಟ ತೆಗೆದು ಅದರಲ್ಲಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಡಾಕ್ಟ್ರಪ್ಪ, ಸಾಹೇಬ್ರಿಗೂ ಒಂದು ಸರ್ಟಿಪೇಟು ಬರ್ದು ಕೊಟ್ಬುಡು. ಪಾಪ, ಕಿಚ್ಚು ಹಾಯ್ದವ್ರೆ."